ಎಕ್ಸ್‌ರೇ ಚೆನ್ನಾಗಿತ್ತು, ಉಸಿರು ಸಾಲುತ್ತಿರಲಿಲ್ಲ

ಟೈಲರ್ ಅಕ್ಕನಿಗೆ ಶ್ವಾಸಕೋಶದ ಕಸಿಯಾಗಿ ಮೂರು ವರ್ಷವಾಗಿತ್ತು. ಮತ್ತೆ ಹೊಲಿಗೆ ಯಂತ್ರ ತುಳಿಯುತ್ತಿದ್ದರು. ಈಚೆಗೆ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವಂತಾಯಿತು. ಉಸಿರಿನ ಬಲ ಅಳೆಯಲು ದಿನಾ ಬೆಳಿಗ್ಗೆ ಊದಿ ನೋಡುವ ಪುಟ್ಟ ಯಂತ್ರದಲ್ಲಿ ಅಂಕಿ ಮೂರು ವಾರದಿಂದ ಇಳಿಯುತ್ತಲೇ ಇತ್ತು. ಬ್ಯಾಟರಿ ಬದಲಿಸಿದರೂ ಅಷ್ಟೇ. ಜ್ವರವಿಲ್ಲ, ಕೆಮ್ಮಿಲ್ಲ.

ಆಸ್ಪತ್ರೆಗೆ ಹೋದರು. "ಎಕ್ಸ್‌ರೇ ಚೆನ್ನಾಗಿದೆ. ಆದ್ರೂ ಸಿ.ಟಿ. ಸ್ಕ್ಯಾನ್ ಮಾಡಿಸಿ," ಎಂದರು ಡಾಕ್ಟರು.

ಬಸ್ ಓಡಿಸುವ ಗಂಡನಿಗೆ ತಲೆಬುಡ ತಿಳಿಯಲಿಲ್ಲ. "ಚೆನ್ನಾಗಿದೆ ಅಂತಾರೆ, ಮತ್ತೆ ಸ್ಕ್ಯಾನ್ ಅಂತಾರೆ. ನೀನು ಹುಷಾರಾಗಿದ್ದೀಯೋ ಇಲ್ವೋ? ಅದನ್ನಾದ್ರೂ ಹೇಳಬಾರ್ದಾ?"

"ನನ್ನ ಕೇಳಿದ್ರೆ ನಾನೇನು ಹೇಳ್ಲಿ ರೀ? ನಂಗೂ ಗೊತ್ತಾಗ್ತಿಲ್ಲ."

ಪಕ್ಕದ ಮನೆಯ ನರ್ಸಮ್ಮನನ್ನು ಕೇಳಿದರು.

"ಕಸಿ ಮಾಡಿದ ಶ್ವಾಸಕೋಶವನ್ನ ಮೈ ಕೆಲವು ಸಲ 'ಇದು ನಂದಲ್ಲ' ಅಂತ ನಿಧಾನಕ್ಕೆ ದೂರ ಮಾಡುತ್ತೆ ಅಕ್ಕ. ಒಳಗಿನ ಸಣ್ಣ ಗಾಳಿ ದಾರಿಗಳು ಕಿರಿದಾಗ್ತವೆ. ಅದು ಎಕ್ಸ್‌ರೇಲಿ ಎಷ್ಟೋ ಸಲ ಕಾಣಲ್ಲ."

"ಕಸಿ ಆದಾಗಿಂದ ನಾನು ಒಂದು ಮಾತ್ರೇನೂ ತಪ್ಪಿಸಿಲ್ವಲ್ಲೇ!" ಎಂದರು ಅಕ್ಕ.

"ತಪ್ಪಿಸದವರಿಗೂ ಆಗುತ್ತೆ. ನಿಮ್ಮ ತಪ್ಪಲ್ಲ. ಬರೀ ಸೋಂಕೂ ಇರಬಹುದು. ಅದಕ್ಕೆ ಔಷಧಿ ಬೇರೆ, ಇದಕ್ಕೆ ಬೇರೆ. ಸ್ಕ್ಯಾನಲ್ಲಿ ನೋಡದೆ ಕೊಡೋದು ಹೇಗೆ?"

ಸ್ಕ್ಯಾನ್ ಕೋಣೆಯಲ್ಲಿ ಗೊಂದಲ ಇನ್ನೂ ಹೆಚ್ಚಿತು. "ಉಸಿರು ಎಳ್ಕೊಂಡು ಹಿಡೀರಿ," ಎಂದಿತು ಮೈಕಿನ ದನಿ. ಹಿಡಿದರು. "ಈಗ ಪೂರ್ತಿ ಬಿಟ್ಟು ಹಿಡೀರಿ."

"ಬಿಟ್ಟ ಮೇಲೆ ಹಿಡಿಯೋದು ಏನನ್ನ?" ಎಂದು ಅಕ್ಕ ಮಲಗಿದಲ್ಲೇ ಕೇಳಿದರು. ಮೈಕಿನಾಚೆ ಇದ್ದವರು ನಕ್ಕು, "ಗಾಳಿ ಬಿಟ್ಟು, ಮತ್ತೆ ಎಳ್ಕೊಳ್ಳದೆ ಹಾಗೇ ಇರಿ," ಎಂದು ನಿಧಾನವಾಗಿ ಹೇಳಿದರು.

ಆಮೇಲೆ ಡಾಕ್ಟರು ಎರಡೂ ಚಿತ್ರ ತೋರಿಸಿದರು. "ಉಸಿರು ಬಿಟ್ಟಾಗ ಚಿತ್ರದಲ್ಲಿ ಶ್ವಾಸಕೋಶ ಸ್ವಲ್ಪ ಬೆಳ್ಳಗೆ ಕಾಣಬೇಕು. ಇಲ್ನೋಡಿ, ಕಪ್ಪಾಗೇ ಉಳಿದಿದೆ. ಸಣ್ಣ ದಾರಿಗಳು ಕಿರಿದಾಗಿ ಗಾಳಿ ಒಳಗೇ ಸಿಕ್ಕಿಕೊಂಡಿದೆ."

"ಗಾಳಿ ಇದ್ರೆ ಒಳ್ಳೇದೇ ಅಲ್ವಾ ಸಾರ್?" ಎಂದರು ಗಂಡ.

"ನಿಮ್ಮ ಬಸ್ಸಲ್ಲಿ ಯಾರೂ ಇಳೀದೇ ಹೋದ್ರೆ?"

"ಹತ್ತೋರಿಗೆ ಜಾಗ ಇರಲ್ಲ," ಎಂದರು ಗಂಡ. ಹೇಳುತ್ತ ಹೆಂಡತಿಯ ಕೈ ಹಿಡಿದುಕೊಂಡರು.

ಇನ್ನಷ್ಟು ಪರೀಕ್ಷೆಗಳಾದವು, ಸೋಂಕಲ್ಲವೆಂದು ಗೊತ್ತಾಗಿ ಔಷಧಿ ಬದಲಾಯಿತು. ಅಂಕಿ ಹಿಂದಿನಷ್ಟು ಏರಲಿಲ್ಲ. ಆದರೆ ಎರಡು ತಿಂಗಳಲ್ಲಿ ಇಳಿಯುವುದು ನಿಂತಿತು. ಹೋದದ್ದು ಮರಳುವುದು ಕಷ್ಟ, ಉಳಿದದ್ದನ್ನು ಕಾಯಬಹುದು ಎಂದರು ಡಾಕ್ಟರು. ಈಗ ಅಕ್ಕ ಕುಳಿತೇ ಬಟ್ಟೆ ಕತ್ತರಿಸುತ್ತಾರೆ, ಗಂಟು ಹೊರುವುದು ಗಂಡನ ಪಾಲು. ಮುಂದಿನ ಸ್ಕ್ಯಾನಿನ ದಿನಕ್ಕೆ ಗಂಡ ಮೊದಲೇ ರಜೆ ಬರೆದುಕೊಟ್ಟಿದ್ದಾರೆ.

ನಿಮ್ಮ ಮನೆಯಲ್ಲೂ ಶ್ವಾಸಕೋಶದ ಕಸಿಯಾದವರು ಇದ್ದಾರೆಯೇ? ಊದುವ ಅಂಕಿ ಇಳಿದರೆ, ಏದುಸಿರು ಬಂದರೆ, ಎಕ್ಸ್‌ರೇ ಚೆನ್ನಾಗಿದೆಯೆಂದು ಸುಮ್ಮನಾಗಬೇಡಿ. ಅಂದೇ ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ. ಹೇಳಿದ ಸ್ಕ್ಯಾನ್ ಮಾಡಿಸಿ. ಅರ್ಥವಾಗದಿದ್ದರೆ ನಾಚಿಕೆ ಬೇಡ, ಅರ್ಥವಾಗುವ ತನಕ ಕೇಳಿ.