ಕೆನ್ನೆಯ ಮೇಲಿನ ತೆಳುಪೊರೆ

ಹೊಳೆನರಸೀಪುರದಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದ ದಿವ್ಯಾ ಬಿ.ಎಸ್ಸಿ. ಓದಿದವಳು, ಬಾಯಿ ಜೋರು, ಕೆಲಸದಲ್ಲಿ ಕೈ ಅದಕ್ಕಿಂತ ಜೋರು. ಅಂಥವಳಿಗೂ ಮೊಸಳೆ ಎಂಬ ಹಳ್ಳಿಯ ಜಯಲಕ್ಷ್ಮಮ್ಮ ಬೆವರಿಳಿಸಿಬಿಟ್ಟರು. ಅವರ ಹಿರಿಯ ಮೊಮ್ಮಗಳ ಮದುವೆಯಲ್ಲಿ ಯಾರೋ ಬಳಿದ ಬಣ್ಣಕ್ಕೆ ಹುಡುಗಿಯ ಮುಖ ಕುಂಬಳಕಾಯಿಯಂತೆ ಊದಿಕೊಂಡಿತ್ತು. ಇವತ್ತು ಕಿರಿಯವಳಾದ ಸ್ಪಂದನಾಳ ಮದುವೆ.

"ಅದ್ರಲ್ಲಿ ಪ್ಲಾಸ್ಟಿಕ್ ಐತಂತಲ್ಲವ್ವಾ?" ಬಣ್ಣ ಬಳಿದಾದ ಮೇಲೆ ದಿವ್ಯಾ ಕೈಗೆತ್ತಿಕೊಂಡ ಸ್ಪ್ರೇ ಬಾಟಲಿಯತ್ತ ಅಜ್ಜಿ ಬೆರಳು ತೋರಿದರು.

"ಪಾಲಿಮರ್ ಅಂತಾರೆ ಅಜ್ಜಿ. ಪ್ಲಾಸ್ಟಿಕ್ಕಿಗೆ ದೂರದ ನೆಂಟ, ಅಷ್ಟೆ. ಹಾಲಿನ ಮೇಲೆ ಕೆನೆ ಕಟ್ಟಲ್ವಾ, ಹಂಗೆ ಬಣ್ಣದ ಮೇಲೆ ಕೂತ್ಕೊಳ್ಳುತ್ತೆ. ಚರ್ಮದೊಳಕ್ಕೆ ಇಳಿಯೋಷ್ಟು ಸಣ್ಣದಲ್ಲ. ಆದ್ರೂ ಒಬ್ಬೊಬ್ಬರಿಗೆ ಒಂದೊಂದು ಒಗ್ಗಲ್ಲ, ಅದಕ್ಕೇ ಎರಡು ದಿನ ಮುಂಚೇನೇ ಇವಳ ಕಿವಿ ಹಿಂದೆ ಹಚ್ಚಿ ನೋಡಿದ್ದೀನಿ. ಬೆವರಿಗೆ, ನೀರಿಗೆ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ."

ಕಿಟಕಿ ತೆರೆದು, ಸ್ಪಂದನಾಳ ಕಣ್ಣು ಬಾಯಿ ಮುಚ್ಚಿಸಿ, ಒಂದು ಮೊಳ ದೂರದಿಂದ ಸ್ಪ್ರೇ ಹೊಡೆದಳು. ಮುಖ ಕಳೆಕಳೆಯಾಯಿತು. ದಿವ್ಯಾ ಕಾಫಿಗೆ ಹೋದಳು.

ಬರುವಷ್ಟರಲ್ಲಿ ಎಡವಟ್ಟಾಗಿತ್ತು. ಸಿಂಗಾರವಾದ ಮೇಲೆ ಮದುವಣಗಿತ್ತಿಯನ್ನು ಹಸೆಗೆ ಕೂರಿಸಿ ಐವರು ಮುತ್ತೈದೆಯರು ಗರಿಕೆಯಲ್ಲಿ ಎಣ್ಣೆ ಒತ್ತುವುದು ಆ ಮನೆಯ ಪದ್ಧತಿ. ಪಾದ, ಮಂಡಿ, ಭುಜ, ಆಮೇಲೆ ಕೆನ್ನೆ. ನೀರಿಗೆ ಜಗ್ಗದ ಪೊರೆ ಎಣ್ಣೆಗೆ ಬಿಟ್ಟುಕೊಂಡು ಕೆನ್ನೆಯ ತುಂಬ ಗೀರುಗೀರಾಗಿತ್ತು. ಧಾರೆಗೆ ಇನ್ನು ಮುಕ್ಕಾಲು ಗಂಟೆ ಮಾತ್ರ.

"ನೋಡ್ದಾ? ಸುಲ್ಕೊಂಡ್ ಬತ್ತಾ ಐತೆ! ಈ ಮಗೀನ ಮುಕಾನೂ ಕೆಡಿಸ್ಬುಟ್ಯಲ್ಲೇ!" ಅಜ್ಜಿ ಕೂಗಿಕೊಂಡರು.

ದಿವ್ಯಾ ಬಗ್ಗಿ ಗೀರುಗಳನ್ನು ನೋಡಿದಳು. ಬೆವರು, ಬಿಸಿಲು ಎಲ್ಲ ಯೋಚಿಸಿದ್ದವಳು ಶಾಸ್ತ್ರ ಯಾವಾಗ ಎಂದು ಕೇಳಿರಲಿಲ್ಲ.

"ತಪ್ಪು ನಂದು ಅಜ್ಜಿ, ಸ್ಪ್ರೇದಲ್ಲ. ಇದನ್ನ ತೆಗೆಯೋದೇ ಎಣ್ಣೇಲಿ. ನೀವೇ ಒರೆಸಿ ನೋಡಿ. ಉಜ್ಜಬೇಡಿ."

ಜಯಲಕ್ಷ್ಮಮ್ಮ ಹತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಮೆಲ್ಲಗೆ ಒರೆಸಿದರು. ಮೊಮ್ಮಗಳ ಮುಖವನ್ನು ಬೆಳಕಿಗೆ ತಿರುಗಿಸಿ ಹಣೆ, ಕೆನ್ನೆ, ಗಲ್ಲ ಸವರಿದರು. ಒಂದು ಗುಳ್ಳೆಯಿಲ್ಲ, ಎಲ್ಲೂ ಕೆಂಪಾಗಿಲ್ಲ. ಮತ್ತೊಮ್ಮೆ ಸವರಿ ನಿಟ್ಟುಸಿರುಬಿಟ್ಟರು.

"ಬಳಿ ಮತ್ತೆ. ಒತ್ತಾಯ್ತು ಅಂತ ಬಂದ್ರೆ ಪುರೋಯಿತ್ರುನ್ನ ನಾ ನೋಡ್ಕತೀನಿ."

ಮುಖ ತೊಳೆಸಿ ಹೊಸದಾಗಿ ಬಳಿಯಲು ಅರ್ಧ ಗಂಟೆ ಸಾಕಾಯಿತು. ಧಾರೆಯ ಹಾಲು ಬೀಳುವಾಗ ಸ್ಪಂದನಾಳ ಕಣ್ಣು ತುಂಬಿ ಬಂತು.

"ಅಳ್ಬೇಡ ಕಣೇ, ಮೇಕಪ್ ಓಯ್ತದೆ," ಎಂದು ಚಿಕ್ಕಮ್ಮ ಪಿಸುಗುಟ್ಟಿದಳು.

ಜಯಲಕ್ಷ್ಮಮ್ಮ ಅವಳನ್ನು ಪಕ್ಕಕ್ಕೆ ಸರಿಸಿ ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟರು.

"ಅಳು ಮಗಾ, ಎಷ್ಟ್ ಬೇಕಾದ್ರೂ ಅಳು. ಏನೂ ಆಗಕಿಲ್ಲ."