ಎರಡು ಖಾಲಿ, ಒಂದು ಸಾದಾ

ಸಿದ್ಧಲಿಂಗೇಶನ ಮಾತು ಕೇಳುತ್ತ ಚಂದ್ರಮತಿಗೆ ಅಂಗಾಲಿನ ಉರಿ ನೆತ್ತಿಗೇರುತ್ತಿತ್ತು. ಹಾಡುಗಳ ಹಿಂದಿನ ಗುಟ್ಟು ಹೇಳುವ ಯೂಟ್ಯೂಬ್ ಚಾನೆಲ್ ಅವನದು. ಅಣ್ಣಾ ನಗರದಿಂದ ಕ್ಯಾಮೆರಾ ಹೊತ್ತು ಬಂದವನು ಟಿ. ನಗರದ ಅವಳ ಹೋಟೆಲಿನ ಮೂಲೆ ಮೇಜಿನಲ್ಲಿ ಕೂತು, ಊರೆಲ್ಲ ನಲವತ್ತು ವರ್ಷದಿಂದ ಗುನುಗುವ ತಮಿಳು ಸಿನಿಮಾ ಹಾಡೊಂದರ ‘ಖಾಲಿ, ಸಾದಾ’ ಪಲ್ಲವಿಗೆ ಅರ್ಥ ಬಿಡಿಸುತ್ತಿದ್ದ.

“ಖಾಲಿ ಅಂದ್ರೆ ಶೂನ್ಯ. ಸಾದಾ ಅಂದ್ರೆ ಸದಾ. ಬದುಕು ಸದಾ ಶೂನ್ಯ! ಮ್ಯೂಸಿಕ್ ಡೈರೆಕ್ಟರಿಗೆ ಈ ವೇದಾಂತ ಹೊಳೆದದ್ದು ಇದೇ ಟೇಬಲಲ್ಲಿ!”

ಹೊಳೆದದ್ದಂತೆ! ಓದಿ ಓದಿ ಮರುಳಾದ ಕೂಚುಭಟ್ಟ. ಆ ಸಂಗೀತದ ಮಹಾನುಭಾವ ದಿನಾ ಇಲ್ಲಿ ತಿಂಡಿಗೆ ಬರುತ್ತಿದ್ದದ್ದು ನಿಜ. ಆಗ ಮಾಲೀಕನೂ ಸಪ್ಲೈಯರೂ ಅವಳ ಗಂಡ ಕಾಂತಪ್ಪನೇ. ಅಡುಗೆಮನೆಗೆ ಆರ್ಡರು ಕೂಗುವಾಗ ಅವನು ರಾಗ ಎಳೆಯುತ್ತಿದ್ದ. ಖಾಲಿ ದೋಸೆ ಎರಡು, ಸಾದಾ ದೋಸೆ ಒಂದು. ಪದವೂ ರಾಗವೂ ಹಾಗೇ ಹಾಡಿಗೆ ಹೋದವು. “ಅದು ನನ್ನ ರಾಗ ಮಾರಾಯ್ರೆ” ಎಂದರೆ ಗಿರಾಕಿಗಳು ನಗುತ್ತಿದ್ದರು. ಅವನು ಸಾಯುವವರೆಗೂ ನಕ್ಕರು. ಒಂದು ಸಲವಾದರೂ ಆ ಹಾಡಿನ ಜೊತೆ ಅವನ ಹೆಸರು ಬರಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

“ಅದು ವೇದಾಂತ ಅಲ್ಲ ಮಾರಾಯ್ರೆ, ದೋಸೆ,” ಎಂದಳು. “ಕೂಗಿದ್ದು ನನ್ನ ಗಂಡ.”

“ದೋಸೆ ಅಂದ್ರೆ ಯಾರಮ್ಮಾ ಶೇರ್ ಮಾಡ್ತಾರೆ?” ಸಿದ್ಧಲಿಂಗೇಶ ನಕ್ಕ.

ಗಲ್ಲಾದಲ್ಲಿದ್ದ ಮಗ ಸುಕೇಶನೂ ಹಲ್ಲು ಕಿರಿದ. “ಅಮ್ಮಾ, ನೀವು ಸುಮ್ನಿರಿ. ಪಬ್ಲಿಸಿಟಿ ಅಲ್ವಾ?”

ಹೆತ್ತ ಹೊಟ್ಟೆಗೆ ಬೆಂಕಿ ಬಿತ್ತು. ಅಪ್ಪನನ್ನು ಮಾರಿ ಪಬ್ಲಿಸಿಟಿ! ಅವಳು ಎದ್ದು ಅಡುಗೆಮನೆಯ ಕಿಟಕಿಗೆ ಹೋದಳು. ಈಗ ಅಲ್ಲಿ ಆರ್ಡರು ಮಿಷನ್ನಿನಿಂದ ಚೀಟಿಯಾಗಿ ಬರುತ್ತದೆ, ಯಾರೂ ಕೂಗುವುದಿಲ್ಲ. ಚಂದ್ರಮತಿ ಕೂಗಿದಳು. ಗಂಡನ ಎಳೆತದಲ್ಲೇ.

“ಎರಡೂ... ಖಾಲೀ, ಒಂದೂ... ಸಾದಾ!”

ಹಾಲ್‌ನಲ್ಲಿ ತಿನ್ನುತ್ತಿದ್ದವರು ತಮಗೇ ತಿಳಿಯದೆ ಹಾಡಿನ ಮುಂದಿನ ಸಾಲು ಎತ್ತಿಕೊಂಡರು. ಒಳಗೆ ಕಾವಲಿಯ ಮುಂದಿದ್ದ, ಕಾಂತಪ್ಪನ ಕಾಲದ ಮುದುಕ ತಮ್ಮಯ್ಯ, ಹಳೆಯ ಅಭ್ಯಾಸ, ತಲೆ ಎತ್ತದೆ ಕೇಳಿದ: “ಸಾದಾಕ್ಕೆ ತುಪ್ಪ ಬೇಕಾ ಕಾಂತಣ್ಣಾ?”

ಸ್ವಲ್ಪ ಹೊತ್ತಿಗೆ ಮೂರು ದೋಸೆಗಳು ಸಿದ್ಧಲಿಂಗೇಶನ ಮುಂದೆ ಬಂದವು.

“ತಿನ್ನಿ,” ಎಂದಳು. “ನಿಮ್ಮ ಶೂನ್ಯ ಆರಿದ್ರೆ ರುಚಿ ಇರುದಿಲ್ಲ.”

ಅವನು ತಿಂದ. ನಾಚಿಕೆಗೆಟ್ಟವನು, ಚಟ್ನಿಯನ್ನೂ ಎರಡು ಸಲ ಹಾಕಿಸಿಕೊಂಡ.

ವಾರದ ಮೇಲೆ ವಿಡಿಯೋ ಬಂತು. ತಲೆಬರಹ: ‘ಹಾಡು ಕೇಳಿ ಮೈಮೇಲೆ ದೇವರು ಬಂದ ಅಜ್ಜಿ!’ ನಾಲ್ಕು ಲಕ್ಷ ಜನ ನೋಡಿದ್ದರು. ಸುಕೇಶ ತಲೆ ತಗ್ಗಿಸಿ ಫೋನು ಹಿಡಿದುಕೊಂಡು ನಿಂತ, ಅಮ್ಮ ಬೈಯುತ್ತಾಳೆಂದು.

ಚಂದ್ರಮತಿ ಬೈಯಲಿಲ್ಲ. ಮತ್ತೊಮ್ಮೆ ಹಾಕು ಎಂದಳು. ಆಮೇಲೆ ಇನ್ನೊಮ್ಮೆ. ಅವಳ ಕೂಗು ಮುಗಿದ ಕೂಡಲೇ, ಹಾಡಿನ ನಡುವೆ, ತಮ್ಮಯ್ಯನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಅದನ್ನು ಕತ್ತರಿಸುವಷ್ಟು ಬುದ್ಧಿಯೂ ಆ ಪಂಡಿತನಿಗೆ ಇರಲಿಲ್ಲ.

ಕಾಂತಣ್ಣಾ.