ಬೆಟ್ಟದ ಕಳೆಬೀಜ

ಮೊರದಕ್ಕನ ಕೈ ಅಂದರೆ ಕೈ. ಮೂರು ಸಾವಿರ ವರ್ಷದ ಹಿಂದಿನ ಒಲೆಯ ಬೂದಿಯನ್ನು ತೊಳೆದು ಒಣಗಿಸಿ ತಟ್ಟೆಗೆ ಸುರಿದುಕೊಟ್ಟರೆ ಸಾಕು, ಸುಟ್ಟು ಕರಕಲಾದ ನವಣೆ ಕಾಳುಗಳನ್ನು ಚಿಮಟದಲ್ಲಿ ಹೆಕ್ಕಿ ಸೀಸೆಗೆ ತುಂಬಿಬಿಡುತ್ತಿದ್ದಳು. ಬೆಟ್ಟದ ತವರಲ್ಲಿ ಮೊರ ಹಿಡಿದೇ ಬೆಳೆದವಳು ಅಂತ ಪುರಾತತ್ವ ಪ್ರಯೋಗಾಲಯದವರೆಲ್ಲ ಸೇರಿ ಇಟ್ಟ ಹೆಸರದು. ಕೂತು ಮಾಡುವ ಕೆಲಸ, ತಲೆ ಮೇಲೆ ಫ್ಯಾನು. ಹಾಯಾಗಿದ್ದಳು.

ಆವತ್ತು ಪ್ರೊಫೆಸರು ಅಚ್ಚಿಗೆ ಹೊರಟಿದ್ದ ತಮ್ಮ ಪುಸ್ತಕದ ಒಂದು ಪುಟ ಓದಿ ಹೇಳಿದರು. ಆ ಕಾಲದಲ್ಲಿ ಬಯಲಿನವರು ಉತ್ತು ಬಿತ್ತಿದರಂತೆ. ಬೆಟ್ಟದವರಿಗೆ ಬೇಸಾಯವೇ ಗೊತ್ತಿರಲಿಲ್ಲವಂತೆ, ಬಯಲಿಂದ ಕಾಳು ತರಿಸಿ ಉಂಡರಂತೆ.

ಆಕೆಗೆ ಎದೆ ಚುರುಕ್ಕೆಂದಿತು. ತನ್ನ ಹಿರೀಕರೆಲ್ಲ ಕೈಲಾಗದವರೇ? "ಹಂಗಂತ ಯಾರು ಹೇಳಿದ್ದು ಸಾರ್?"

"ನಿಮ್ಮ ಸೀಸೆಗಳೇ ಅಕ್ಕ. ಬೆಳೆದವರ ಒಲೇಲಿ ಹೊಟ್ಟು, ಕಳೆಬೀಜ ಎಲ್ಲ ಬೆರೆತಿರುತ್ತೆ. ತರಿಸಿಕೊಂಡವರದ್ದು ಬರೀ ಹಸನಾದ ಕಾಳು. ಬೆಟ್ಟದ ನಲವತ್ತು ಸೀಸೆಯಲ್ಲೂ ಒಂದೇ ಒಂದು ಕಳೆಬೀಜ ಇಲ್ಲ."

ಇರುವುದಾದರೂ ಹೇಗೆ? ಬಯಲಿನ ಬೂದಿ ಆರಿಸಿದವಳು ಪೇಟೆಯಲ್ಲಿ ಹುಟ್ಟಿದ ಸಂಶೋಧಕಿ, ಸಿಕ್ಕಿದ್ದನ್ನೆಲ್ಲ ಸೀಸೆಗೆ ಹಾಕಿದ್ದಳು. ಬೆಟ್ಟದ ಬೂದಿ ಆರಿಸಿದ ಈ ಮಹಾತಾಯಿ ಮಾತ್ರ ಕಳೆಬೀಜ ಕಂಡಲ್ಲೆಲ್ಲ ಅಚ್ಚುಕಟ್ಟಾಗಿ ಬೇರೆ ಮಾಡಿ ಕಸದ ಬುಟ್ಟಿಗೆ ಎಸೆದಿದ್ದಳು. ಹೇಳಿದರೆ ಕೆಲಸ ಹೋದೀತು ಅಂತ ಹೆದರಿಕೆಯೇನೋ ಆಯಿತು. ಆದರೂ ಹೇಳಿದಳು.

"ಎಸೆದ್ರಾ?" ಪ್ರೊಫೆಸರು ಕನ್ನಡಕ ತೆಗೆದರು.

"ಕಸ ಅಲ್ವಾ ಸಾರ್. ಕಾಳಿನ ಜೊತೆ ಅದನ್ನ ಬಿಟ್ಟಿದ್ರೆ ನಮ್ಮವ್ವ ಕೈ ಮುರೀತಿದ್ಲು."

ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಪುಣ್ಯಕ್ಕೆ ಪ್ರತಿ ಒಲೆಯ ಬೂದಿಯಲ್ಲೂ ಅರ್ಧವನ್ನು ಆರಿಸದೆ ಚೀಲ ಕಟ್ಟಿ ಉಗ್ರಾಣದಲ್ಲಿ ಇಟ್ಟಿದ್ದರು. ಮುದ್ರಣಾಲಯಕ್ಕೆ ಫೋನ್ ಮಾಡಿ, ತಡೀರಪ್ಪ ಎಂದರು.

ಮರುದಿನ ಮೊದಲ ಚೀಲ ಬಿಚ್ಚಿದರು. ಏನನ್ನೂ ಎಸೆಯದೆ ಆರಿಸುವುದು ಆಕೆಗೆ ದೊಡ್ಡ ಶಿಕ್ಷೆ. ಕೈ ತಾನಾಗಿ ಬುಟ್ಟಿಯ ಕಡೆ ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಾಳುಗಳ ನಡುವೆ ಚಪ್ಪಟೆ ಬೀಜವೊಂದು ಸಿಕ್ಕಿತು. ಪ್ರೊಫೆಸರು ಭೂತಗನ್ನಡಿ ಹಿಡಿದು ಒಂದರ ಮೇಲೊಂದು ಪುಸ್ತಕ ತಿರುವಿದರು.

"ಅದರಲ್ಲೇನು ಹುಡುಕ್ತೀರ ಸಾರ್? ಈ ಹಾಳಾದ್ದನ್ನ ಕಿತ್ತೂ ಕಿತ್ತೂ ನನ್ನ ಸೊಂಟ ಬಿದ್ದುಹೋಗಿದೆ. ಉತ್ತ ಹೊಲದಲ್ಲಿ ಮಾತ್ರ ಏಳುತ್ತೆ. ಅದೂ ಬೆಟ್ಟದ ಕಲ್ಲುನೆಲವೇ ಆಗಬೇಕು. ಬಯಲಿಗೆ ಬಂದು ಇಪ್ಪತ್ತು ವರ್ಷ ಆಯ್ತು, ಇಲ್ಲಿ ಒಂದನ್ನೂ ಕಂಡಿಲ್ಲ."

ಸಂಜೆಗೆ ಅಂಥವು ಅರವತ್ತು ಬೀಜ ಸೀಸೆಯಲ್ಲಿದ್ದವು. ಆಕೆಗೆ ಹಾಲು ಕುಡಿದಷ್ಟು ಸಂತೋಷ. ಪ್ರೊಫೆಸರು ಹಳೆಯ ಪುಟಕ್ಕೆ ಅಡ್ಡಗೀಟು ಎಳೆದು, "ನೀವೇ ಹೇಳಿ ಅಕ್ಕ, ಏನಂತ ಬರೀಲಿ?" ಎಂದರು.

ಆಕೆ ಸೀಸೆಯ ಮುಚ್ಚಳ ಬಿಗಿಮಾಡುತ್ತಾ ಯೋಚಿಸಿದಳು. "ಬೆಟ್ಟದವರೂ ಬಿತ್ತಿದ್ರು, ಬೆಳೆದ್ರು. ಕಳೆ ಮಾತ್ರ ಪೂರ್ತಿ ಕೀಳೋಕೆ ಅವರ ಕೈಲೂ ಆಗಲಿಲ್ಲ ಅಂತ ಬರೀರಿ."

ಅವರು ಹಾಗೆಯೇ ಬರೆದುಕೊಂಡರು.